ಚುಕ್ಕಿಗೆ ಚುಕ್ಕಿ

ಫೆಬ್ರವರಿ 6

ಅಣ್ಣಾ,

ಹೇಗಿದ್ದೀಯ, ಊಟ ತಿಂಡಿ ಸರಿಯಾಗಿ ಆಗುತ್ತಿದೆಯಾ ಎಂದೆಲ್ಲ ವಿಚಾರಿಸಿ ಆಮೇಲೆ ವಿಷಯಕ್ಕೆ ಬರೋಣ ಎಂದುಕೊಂಡು ನಾಲ್ಕು ಹಾಳೆ ಹರಿದು ಬಿಸಾಕಿದೆ. ಮೂರು ವರ್ಷ ಒಂದು ಸಾಲೂ ಬರೆಯದವಳಿಗೆ ಅಷ್ಟೆಲ್ಲ ಪೀಠಿಕೆ ಒಗ್ಗುವುದಿಲ್ಲ. ನೇರವಾಗಿಯೇ ಕೇಳುತ್ತೇನೆ. ಅಪ್ಪನ ಮೋಟಾರ್‌ಸೈಕಲ್ ಎಂಜಿನ್ನಿನ ಹೆಡ್ಡನ್ನು ನೀನು ಆಗ ಲೇತಿನಲ್ಲಿ ಎಷ್ಟು ಸವೆಸಿದ್ದೆ? ಒಂದು ಮಿಲಿಮೀಟರೋ, ಒಂದೂವರೆಯೋ?

ಹೌದು, ಬಿಚ್ಚಿದ್ದೇನೆ. ಹೋದ ಭಾನುವಾರ ಮೆಟ್ಟಿಲ ಕೆಳಗಿದ್ದ ಗಾಡಿಯ ಟಾರ್ಪಾಲು ಎಳೆದು ಹಾಕಿದೆ. ಸಂಜೆಯೊಳಗೆ ಎಂಜಿನ್ ನನ್ನ ಅಂಗಡಿಯ ಮೇಜಿನ ಮೇಲಿತ್ತು. ರಿಪೇರಿಗೆ ಬಂದ ಹನ್ನೊಂದು ಹೊಲಿಗೆ ಮಷೀನುಗಳು ನೆಲಕ್ಕಿಳಿದು ಮುಖ ಸಣ್ಣಗೆ ಮಾಡಿಕೊಂಡು ಕೂತಿವೆ. ಮುಚ್ಚಳದ ಹಾಗೆ ಕೂತಿದ್ದ ಹೆಡ್ ಎತ್ತಿದಾಗ ಪಿಸ್ಟನ್ನಿನ ನೆತ್ತಿಯಲ್ಲಿ ವಾಲ್ವ್ ಬಡಿದ ಗುರುತು ಕಂಡಿತು. ಅರ್ಧ ನಾಣ್ಯದ ಆಕಾರದ ಹಳ್ಳ. ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡು ಕೂತಿದ್ದೆ.

ಗುಡ್ಡದ ಓಟ ಈ ವರ್ಷವೇ ಕೊನೆಯಂತೆ. ಹತ್ತೊಂಬತ್ತು ತಿರುವಿನ ಆ ರಸ್ತೆಯನ್ನು ಅಗಲ ಮಾಡಿ ನೆಟ್ಟಗೆ ಎಳೆಯುತ್ತಾರಂತೆ. ಏಪ್ರಿಲ್ ಇಪ್ಪತ್ತೆಂಟಕ್ಕೆ ಓಟ. ಅಪ್ಪನ ಗಾಡಿ ಒಮ್ಮೆಯಾದರೂ ಗುಡ್ಡ ಹತ್ತಿ ಮುಗಿಸಬೇಕು ಅಣ್ಣಾ. ಮೂರು ವರ್ಷದ ಹಿಂದಿನ ಓಟದಲ್ಲಿ, ಏಳನೇ ತಿರುವಿನಲ್ಲಿ ಎಂಜಿನ್ ಗಕ್ಕನೆ ಹಿಡಿದುಕೊಂಡು ನಮ್ಮ ಯಜಮಾನರು ಬಿದ್ದರಲ್ಲ, ನನ್ನ ತಲೆಯೊಳಗೆ ಗಾಡಿ ಇವತ್ತಿಗೂ ಅಲ್ಲೇ ಬಿದ್ದಿದೆ. ಕೂತರೆ ನಿಂತರೆ ಅದೇ. ಕೈ ಸುಮ್ಮನಿರುತ್ತಿಲ್ಲ.

ಇವರ ಮಂಡಿ ಇನ್ನೂ ಮಡಚುವುದಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕುರ್ಚಿಯ ಮೇಲೆ ಕೂತು, ಹಲಗೆಯ ಮೇಲೆ ರಸ್ತೆ ಬರೆದು ಪಾಠ ಹೇಳುತ್ತಾರೆ. ನಿನ್ನ ಮಾತೆತ್ತಿದರೆ ರೇಡಿಯೋ ಜೋರು ಮಾಡುತ್ತಾರೆ. ವೇಗದ ಆಸೆಗೆ ಹೆಡ್ಡನ್ನು ಅತಿಯಾಗಿ ಸವೆಸಿದೆ, ಅದಕ್ಕೇ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಿತು ಎಂದು ನೀನೇ ಎಲ್ಲರ ಮುಂದೆ ಒಪ್ಪಿಕೊಂಡೆಯಲ್ಲ. "ಇನ್ಮೇಲೆ ನಮ್ಮನೆಯ ಒಂದು ಬೋಲ್ಟನ್ನೂ ಮುಟ್ಟಬೇಡ" ಎಂದು ಆಸ್ಪತ್ರೆಯ ವರಾಂಡದಲ್ಲಿ ನಾನು ಅಂದ ಮಾತನ್ನು ಈಗಲೂ ವಾಪಸು ತೆಗೆದುಕೊಳ್ಳುವುದಿಲ್ಲ. ನನಗೆ ಬೇಕಾಗಿರುವುದು ಒಂದು ಸಂಖ್ಯೆ ಮಾತ್ರ.

ನಿನ್ನ ತಂಗಿ


ಫೆಬ್ರವರಿ 19

ಗುಂಡುಸೂಜಿ,

ಒಂದು ಪಾಯಿಂಟ್ ಎರಡು ಮಿಲಿಮೀಟರ್. ತಗೋ ನಿನ್ನ ಸಂಖ್ಯೆ.

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಒಡೆದೆ. ಒಳಗೆ ನೋಡಿದರೆ ನೀನು ಜಗಳವಾಡುತ್ತಿದ್ದೀಯ! ಅಬ್ಬ, ಎಲ್ಲ ಕ್ಷೇಮ ಎಂದುಕೊಂಡೆ.

ನಾನು ಚೆನ್ನಾಗಿದ್ದೇನೆ. ಇಲ್ಲಿ ಎತ್ತ ನೋಡಿದರೂ ಉಪ್ಪಿನ ಗದ್ದೆ. ಸಮುದ್ರದ ನೀರನ್ನು ಗದ್ದೆಗೆ ಎತ್ತುವ ಐದು ಪಂಪುಗಳು ನನ್ನ ವಶದಲ್ಲಿವೆ. ನಿಮಿಷಕ್ಕೆ ನಾನೂರು ಸುತ್ತು ತಿರುಗುವ ಸೋಮಾರಿ ಎಂಜಿನ್‌ಗಳು. ಎರಡು ಬಡಿತದ ನಡುವೆ ಒಂದು ಆಕಳಿಕೆ ಮುಗಿಸಬಹುದು. ಬೆಳಿಗ್ಗೆ ಎಣ್ಣೆ ಹಚ್ಚಿಟ್ಟ ಸ್ಪ್ಯಾನರ್ ಸಂಜೆಗೆ ತುಕ್ಕು. ನನಗೆ ಇಂಥ ಎಂಜಿನ್ನೇ ಸರಿ.

ನನ್ನ ಮಾತು ಕೇಳುತ್ತೀಯಾದರೆ ಆ ಎಂಜಿನ್ನನ್ನು ಗುಜರಿಗೆ ಹಾಕು. ಅಪ್ಪನ ನೆನಪಿಗೆ ಪೆಟ್ರೋಲ್ ಟ್ಯಾಂಕ್ ಒಂದು ಇಟ್ಟುಕೋ. ಗುಡ್ಡ ಹತ್ತಲೇಬೇಕಿದ್ದರೆ ಬಸ್ಸಿದೆ. ಅಷ್ಟಕ್ಕೂ ಓಡಿಸುವವರು ಯಾರು?

ಅಣ್ಣ


ಮಾರ್ಚ್ 2

ಅಣ್ಣಾ,

ಗುಜರಿಯ ಮಾತು ಓದಿದ ದಿನವೇ ಲೇತ್ ಮೇಸ್ತ್ರಿಯ ಹತ್ತಿರ ಹೋಗಿ ಸಿಲಿಂಡರ್ ಬೋರ್ ಮಾಡಿಸಲು ಕೊಟ್ಟು ಬಂದೆ. ನನ್ನ ಹಟ ನಿನಗೆ ಹೊಸದೇನಲ್ಲ.

ಹೊಸ ಪಿಸ್ಟನ್ ಬಂದಿದೆ. ಹಳೆಯದರಷ್ಟೇ ಎತ್ತರ, ಅರ್ಧ ಮಿಲಿಮೀಟರ್ ಅಗಲ ಜಾಸ್ತಿ. ವಾಲ್ವುಗಳೂ ಹೊಸವು, ಸ್ಪ್ರಿಂಗುಗಳೂ ಹೊಸವು. ಗಾಳಿ ಒಳಗೆ ಬರುವ ದಾರಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದೇನೆ, ಬೆರಳ ತುದಿಯ ಚರ್ಮವೂ ಅದರ ಜೊತೆಗೇ ಹೋಯಿತು. ಶಾಲೆಯ ಯೂನಿಫಾರಂ ಹೊಲಿಯುವ ಟೈಲರುಗಳೆಲ್ಲ ಬಂದು "ನಮ್ಮ ಮಷೀನ್ ಯಾವಾಗ ಕೊಡ್ತೀರಾ ಮೇಡಂ?" ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ನಾಳೆ ಎನ್ನುತ್ತೇನೆ. ಈ ಊರಿನಲ್ಲಿ ನನ್ನಷ್ಟು ನಾಳೆ ಹೇಳಿದವರು ಯಾರೂ ಇರಲಿಕ್ಕಿಲ್ಲ.

ಸವಾರ ಹೊಸಬರು. ನಿನಗೆ ಪರಿಚಯವಿಲ್ಲ. ತೂಕ ಐವತ್ತೆರಡು ಕಿಲೋ. ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲಿನ ಸ್ಪ್ರಾಕೆಟ್ ಹಾಕಲಿ, ಅದನ್ನು ಹೇಳು.

ಇನ್ನು ಕೆಳಗಿನ ಭಾಗವೊಂದು ಉಳಿದಿದೆ. ಸೈಡ್ ಕವರ್ ತೆಗೆದು, ವಾಲ್ವುಗಳನ್ನು ಸರಿಯಾದ ಕ್ಷಣಕ್ಕೆ ತೆರೆದು ಮುಚ್ಚಿಸುವ ಆ ಟೈಮಿಂಗ್ ಗೇರುಗಳನ್ನು ತೊಳೆದುಬಿಟ್ಟರೆ ಆಯಿತು.

ತಂಗಿ


ಮಾರ್ಚ್ 10

ಗುಂಡುಸೂಜಿ,

ಐವತ್ತೆರಡು ಕಿಲೋ ತೂಗುವ, ಪರಿಚಯವಿಲ್ಲದ ಸವಾರ! ಎಂಟನೇ ಕ್ಲಾಸಿನಲ್ಲಿ ಅಪ್ಪನಿಗೆ ಗೊತ್ತಾಗದ ಹಾಗೆ ಗಾಡಿ ತಳ್ಳಿಕೊಂಡು ಹೋಗಿ ಮೂಲೆಯ ಹಿಟ್ಟಿನ ಗಿರಣಿಗೆ ಗುದ್ದಿದವಳು ತಾನೇ? ನನ್ನ ಕಿವಿಗೆ ಹೂ ಇಡಬೇಡ. ನಿನ್ನ ಯಜಮಾನರಿಗೆ ಇದು ಗೊತ್ತಾ?

ಬೇಡ ಎಂದರೆ ನೀನು ಇಮ್ಮಡಿ ಓಡುತ್ತೀಯ, ಆದ್ದರಿಂದ ಹೇಳುವುದಿಲ್ಲ. ಒಂದೇ ಒಂದು ಮಾತು ಕೇಳು. ಸೈಡ್ ಕವರ್ ತೆಗೆಯಬೇಡ. ಎಂಜಿನ್ನಿನ ಕೆಳಭಾಗವನ್ನು ಇದ್ದ ಹಾಗೇ ಗೋಣಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಗೆ ಹಾಕಿ ನನಗೆ ಪಾರ್ಸಲ್ ಮಾಡು. ಗೇರುಗಳನ್ನು ನಾನು ನೋಡಿ, ತೊಳೆದು, ವಾರದೊಳಗೆ ವಾಪಸು ಕಳಿಸುತ್ತೇನೆ. ಉಳಿದದ್ದೆಲ್ಲ ನೀನೇ ಮಾಡಿಕೋ, ನಾನು ಮೂಗು ತೂರಿಸುವುದಿಲ್ಲ.

ಹಲ್ಲು ನಲವತ್ತು ಹಾಕು. ಆದರೆ ಮೊದಲು ಪಾರ್ಸಲ್.

ಅಣ್ಣ


ಮಾರ್ಚ್ 17

ಅಣ್ಣಾ,

ಪಾರ್ಸಲ್ ಮಾಡುವುದಿಲ್ಲ.

ಒಳ್ಳೆ ಮಾತಿನಲ್ಲಿ ಸುತ್ತಿ ಕಳಿಸಿದರೂ ಒಳಗೇನಿದೆ ಎಂದು ನನಗೆ ಅರ್ಥವಾಗುತ್ತದೆ. ನನ್ನ ಕೈಯ ಮೇಲೆ ನಿನಗೆ ನಂಬಿಕೆಯಿಲ್ಲ. ಅತಿಯಾಗಿ ಸವೆಸಿದವನು ನೀನು, ಬುದ್ಧಿ ಹೇಳಿಸಿಕೊಳ್ಳಬೇಕಾದವಳು ನಾನು!

ಮರೆತಿದ್ದರೆ ನೆನಪು ಮಾಡುತ್ತೇನೆ. ಓಟಕ್ಕೆ ಎರಡು ದಿನ ಇರುವಾಗ ನೀನು ಜ್ವರದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದೆ. ಸೈಡ್ ಕವರಿನಿಂದ ಎಣ್ಣೆ ಸೋರುತ್ತಿತ್ತು. ಗ್ಯಾಸ್ಕೆಟ್ ಬದಲಾಯಿಸಿದವಳು ಯಾರು? ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಾನೇ ಹಾಕಿದ್ದು. ಆಮೇಲೆ ಒಂದು ಹನಿ ಸೋರಿತಾ, ಹೇಳು. ನೀನು ಸವೆಸಿದ್ದು ಕೈಕೊಟ್ಟಿತು, ನಾನು ಮಾಡಿದ ಕೆಲಸ ಇವತ್ತಿಗೂ ಒಣಗಿಕೊಂಡಿದೆ. ಕೋಪದಲ್ಲಿ ಬರೆದೆ, ಆದರೆ ನಿಜವನ್ನೇ ಬರೆದೆ.

ಸವಾರಿಯ ವಿಷಯ ಇವರಿಗೆ ಹೇಳಿಲ್ಲ. ಹೇಳುತ್ತೇನೆ. ನೀನು ಬರೆದು ಮಧ್ಯೆ ಕಡ್ಡಿ ಆಡಿಸಬೇಡ.

ತಂಗಿ


ಮಾರ್ಚ್ 29

ಅಣ್ಣಾ,

ಹನ್ನೆರಡು ದಿನವಾಯಿತು, ಉತ್ತರವಿಲ್ಲ. ಮುನಿಸಿಕೊಂಡಿದ್ದರೆ ಮುನಿಸಿಕೊಂಡೇ ಇದಕ್ಕೆ ಉತ್ತರ ಬರೆ. ದಿನ ಕಡಿಮೆ ಇದೆ. ಅಂಚೆಯವರು ಬೀದಿಯ ಆ ತುದಿಯಲ್ಲಿ ಕಂಡರೂ ಎದ್ದು ಬಾಗಿಲಿಗೆ ಹೋಗುತ್ತೇನೆ. ಕಾಲು ಸುಟ್ಟ ಬೆಕ್ಕಿನ ಹಾಗಾಗಿದೆ ನನ್ನ ಸ್ಥಿತಿ.

ನೀನು ಕಲಿಸಿದ ಜೇಡಿ ಪರೀಕ್ಷೆ ಮಾಡಿದೆ. ಮಕ್ಕಳು ಬೊಂಬೆ ಮಾಡುವ ಬಣ್ಣದ ಜೇಡಿಯನ್ನು ಪಿಸ್ಟನ್ನಿನ ನೆತ್ತಿಗೆ ಮೆತ್ತಿದೆ. ಹೆಡ್ ಕೂರಿಸಿ, ವಾಲ್ವ್ ಜೋಡಿಸಿ, ಬಿಗಿದು, ಕೈಯಲ್ಲೇ ಎಂಜಿನ್ ಎರಡು ಸುತ್ತು ತಿರುಗಿಸಿದೆ. ಮತ್ತೆ ಬಿಚ್ಚಿ, ವಾಲ್ವ್ ಒತ್ತಿದ ಜಾಗದ ಜೇಡಿಯನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ಜೇಡಿ ಎಷ್ಟು ದಪ್ಪ ಉಳಿದಿದೆಯೋ ವಾಲ್ವಿಗೂ ಪಿಸ್ಟನ್ನಿಗೂ ಅಷ್ಟೇ ಅಂತರ. ಎರಡು ಮಿಲಿಮೀಟರಿಗಿಂತ ಕಡಿಮೆ ಇರಕೂಡದು ಎನ್ನುತ್ತಿದ್ದೆಯಲ್ಲ?

ಗಾಳಿ ಒಳಗೆ ಬರುವ ವಾಲ್ವಿನ ಕಡೆ ಎರಡೂವರೆ ಇದೆ. ಹೊಗೆ ಹೊರಗೆ ಹೋಗುವ ವಾಲ್ವಿನ ಕಡೆ ಅರ್ಧವೂ ಇಲ್ಲ. ಬ್ಲೇಡ್ ಇಟ್ಟರೆ ಅಡಿಯ ಲೋಹ ಕಾಣುವಷ್ಟು ತೆಳು. ಎರಡೂ ತುಂಡುಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ಕಳಿಸಿದ್ದೇನೆ, ನೋಡು. ಹೊಸ ಪಿಸ್ಟನ್ನಿನ ನೆತ್ತಿಯಲ್ಲಿ ಆ ಕಡೆ, ವಾಲ್ವಿಗೆ ಜಾಗವಾಗುವಂತೆ ಎರಡು ಮಿಲಿಮೀಟರ್ ಆಳದ ಹಳ್ಳ ಕೊರೆಸಿಬಿಡಲಾ? ಲೇತ್ ಮೇಸ್ತ್ರಿ "ಒಂದ್ ಗಂಟೆ ಕೆಲ್ಸ ಅಷ್ಟೇ" ಎನ್ನುತ್ತಾರೆ.

ತಂಗಿ


ಏಪ್ರಿಲ್ 4

ಗುಂಡುಸೂಜಿ,

ಕೊರೆಸಬೇಡ. ನೆತ್ತಿ ತೆಳುವಾದರೆ ಪಿಸ್ಟನ್ ತೂತು ಬೀಳುತ್ತದೆ. ಮೇಸ್ತ್ರಿಗೆ ಬೇಡ ಎಂದು ಇವತ್ತೇ ಹೇಳು.

ಬೆಂಕಿಪೆಟ್ಟಿಗೆ ತಲುಪಿತು. ಮೆತ್ತಗಿನ ಜೇಡಿಯನ್ನು ಯಾರಾದರೂ ಅಂಚೆಗೆ ಹಾಕುತ್ತಾರಾ? ದಪ್ಪ ತುಂಡೇನೋ ದಪ್ಪಗೇ ಇದೆ, ಅಂಚೆ ಕಚೇರಿಯಲ್ಲಿ ಮುದ್ರೆ ಗುದ್ದಿ ಗುದ್ದಿ ತೆಳು ತುಂಡು ಒತ್ತಿಹೋಗಿದೆ. ಅದನ್ನು ನೋಡಿ ಏನೂ ಹೇಳಲು ಬರುವುದಿಲ್ಲ. ನಿನ್ನ ಅಳತೆಯೂ ತಪ್ಪಿರಬೇಕು, ಬ್ಲೇಡ್ ಒತ್ತಿದರೆ ಜೇಡಿ ತೆಳುವಾಗುತ್ತದೆ. ಆ ಪರೀಕ್ಷೆಯನ್ನು ಮರೆತುಬಿಡು.

ಎಂಜಿನ್ ಶುರು ಮಾಡಬೇಡ. ಹೆಡ್ ಬಿಚ್ಚಿ ಪಕ್ಕಕ್ಕಿಡು. ನಾನು ರಜೆ ಕೇಳಿದ್ದೇನೆ, ಮೇ ತಿಂಗಳಲ್ಲಿ ಬಂದು ಎಲ್ಲ ಕೂರಿಸಿಕೊಡುತ್ತೇನೆ. ಓಟ ಹೋದರೆ ಹೋಗಲಿ. ಸೈಡ್ ಕವರ್ ಮಾತ್ರ ಮುಟ್ಟಬೇಡ, ನಿನ್ನ ಕೈ ಹಿಡಿದು ಕೇಳಿಕೊಳ್ಳುತ್ತೇನೆ.

ಅಣ್ಣ


ಏಪ್ರಿಲ್ 12

ಗುಂಡುಸೂಜಿ,

ತಲುಪಿತಾ ನನ್ನ ಕಾಗದ? ಒಂದು ಸಾಲು ಬರೆ. ಬೈದಾದರೂ ಬರೆ.

ಇಲ್ಲಿ ಗಾಳಿ ಎದ್ದಿದೆ. ಉಪ್ಪಿನ ಪುಡಿ ಹಾರಿ ಕಣ್ಣಿಗೆ ತುಂಬುತ್ತದೆ. ಐದು ಪಂಪುಗಳ ನಡುವೆ ದಿನಕ್ಕೆ ಒಂದು ಸುತ್ತು ಹಾಕಿದರೆ ಸಾಕು, ನಾನು ನಾಲ್ಕು ಸುತ್ತು ಹಾಕುತ್ತಿದ್ದೇನೆ. "ಏನಣ್ಣಾ, ಏನಾದ್ರೂ ಕಳಕೊಂಡ್ರಾ?" ಎಂದು ಉಪ್ಪು ಕೆರೆಯುವ ಹೆಂಗಸರು ಕೇಳುತ್ತಾರೆ. ಶುರು ಮಾಡಿಲ್ಲ ತಾನೇ?

ಅಣ್ಣ


ಏಪ್ರಿಲ್ 15

ಅಣ್ಣಾ,

ಶುರು ಮಾಡಿಲ್ಲ. ಸೈಡ್ ಕವರ್ ತೆಗೆದೆ.

ಅಂಚೆಯ ಮುದ್ರೆ ಗುದ್ದಿದ್ದರೆ ಎರಡು ತುಂಡೂ ಒತ್ತಬೇಕಿತ್ತಲ್ಲ? ದಪ್ಪ ತುಂಡು ದಪ್ಪಗೇ ಇದ್ದು ತೆಳುವಾದದ್ದು ಮಾತ್ರ ಒತ್ತಿಹೋಗಲು ಅಂಚೆಯವರಿಗೇನು ಅದರ ಮೇಲೆ ಹಳೇ ದ್ವೇಷವಾ? ಅದೂ ಅಲ್ಲದೆ ಪ್ರತಿ ತುಂಡಿನ ಇನ್ನೊಂದು ಅರ್ಧ ನನ್ನ ಗುಂಡಿ ಡಬ್ಬಿಯಲ್ಲೇ ಇತ್ತು. ಅಳೆದು ನೋಡಿದೆ, ಅದೇ ಅಳತೆ. ಹೆಡ್ ಅತಿಯಾಗಿ ಸವೆದಿದ್ದರೆ ಎರಡೂ ಕಡೆ ಅಂತರ ಕಡಿಮೆಯಾಗಬೇಕಿತ್ತು; ಒಂದೇ ಕಡೆ ಎಂದರೆ ವಾಲ್ವಿನ ಕಾಲವೇ ತಪ್ಪಿದೆ. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿದವನಿಗೆ ಇದು ತಿಳಿಯುವುದಿಲ್ಲವೇ? ಮೂರು ವರ್ಷ ಈ ಕಡೆ ತಲೆ ಹಾಕದವನು ಒಂದು ಚೂರು ಜೇಡಿ ನೋಡಿ ರಜೆ ಹಾಕಿ ಬರುತ್ತಾನಂತೆ. ಆ ಕವರಿನ ಹಿಂದೆ ನೀನು ಏನನ್ನೋ ಮುಚ್ಚಿಟ್ಟಿದ್ದೀಯ ಎಂದು ಆಗಲೇ ಹೊಳೆಯಿತು. ಸ್ಕ್ರೂಡ್ರೈವರ್ ಹುಡುಕಿದೆ.

ಗೇರುಗಳ ಮೇಲೆ ಕಂಪನಿಯವರು ಹಾಕಿದ ಚುಕ್ಕಿಗಳು ಎಣ್ಣೆಯ ಜಿಡ್ಡಿನ ಅಡಿಯಲ್ಲಿದ್ದವು. ಉಜ್ಜಿ ನೋಡಿದೆ. ಚುಕ್ಕಿಗೆ ಎದುರಾಗಿ ಚುಕ್ಕಿ ಇರಬೇಕು. ಒಂದು ಹಲ್ಲು ಆಚೆ ಇದೆ. ಅದರ ಪಕ್ಕದಲ್ಲಿ, ಎರಡು ಗೇರನ್ನೂ ಹಾಯ್ದು ಸಣ್ಣದೊಂದು ಗೀರು. ಸೂಜಿಯಲ್ಲಿ ಎಳೆದ ಗೀರು. ಇಡೀ ಊರಿನಲ್ಲಿ ಗೇರಿಗೆ ಸೂಜಿಯಲ್ಲಿ ಗುರುತು ಹಾಕುವವಳು ನಾನೊಬ್ಬಳೇ.

ಆ ದಿನ ಹಳೇ ಗ್ಯಾಸ್ಕೆಟ್ಟಿನ ಚೂರೊಂದು ಗೇರಿನ ಹಿಂದೆ ಬಿದ್ದಿತ್ತು. ತೆಗೆಯಲೆಂದು ಗೇರನ್ನು ಸ್ವಲ್ಪ ಈಚೆ ಎಳೆದೆ. ಟಕ್ ಎಂದಿತು. ಆಮೇಲೆ ನೆನಪಾಗಿ, ಅದು ನಿಂತಲ್ಲೇ ಸೂಜಿಯಲ್ಲಿ ಗೀರು ಎಳೆದು, ಪೂರ್ತಿ ಬಿಚ್ಚಿ, ಒರೆಸಿ, ಗೀರಿಗೆ ಗೀರು ಕೂಡಿಸಿ ಹಾಕಿದೆ. ಹೊಲಿಗೆ ಮಷೀನಿನಲ್ಲಿ ಹಾಗೇ ಮಾಡುವುದು, ಸಡಿಲಿಸಿದ ಗೇರು ಇದ್ದಲ್ಲೇ ಇರುತ್ತದೆ. ಇಲ್ಲಿ ಹಿಂದಿನಿಂದ ವಾಲ್ವಿನ ಸ್ಪ್ರಿಂಗ್ ತಳ್ಳುತ್ತಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಆ ಟಕ್ ಎಂದಾಗಲೇ ಗೇರು ಒಂದು ಹಲ್ಲು ಜಾರಿತ್ತು. ನಾನು ತಪ್ಪಿಗೇ ಗುರುತು ಹಾಕಿಟ್ಟೆ.

ನೀನು ಸವೆಸಿದ್ದು ಸರಿಯಾಗಿಯೇ ಇತ್ತು. ಇವರನ್ನು ಬೀಳಿಸಿದ್ದು ನನ್ನ ಕೈ.

ನಿನಗೆ ಗೊತ್ತಿತ್ತು. ಇವರನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ನೀನು ಕವರ್ ತೆಗೆದು ನೋಡಿದ್ದೀಯ, ಗೀರು ಕಂಡಿದ್ದೀಯ, ಹಾಗೇ ಮುಚ್ಚಿದ್ದೀಯ. ಆಮೇಲೆ ಬಂದು ಎಲ್ಲರೆದುರು ತಲೆ ತಗ್ಗಿಸಿ ನಿಂತೆ. ನಾನು ಬಾಯಿಗೆ ಬಂದ ಹಾಗೆ ಅಂದೆ, ನೀನು ಅನ್ನಿಸಿಕೊಂಡೆ. ಇದನ್ನು ತ್ಯಾಗ ಎಂದು ಹೊಗಳುತ್ತೇನೆ ಎಂದುಕೊಂಡಿದ್ದರೆ ನಿನ್ನಷ್ಟು ದಡ್ಡ ಇಲ್ಲ. ನನಗೆ ಸಿಟ್ಟು ಬಂದಿದೆ ಅಣ್ಣಾ. ನನ್ನ ತಪ್ಪನ್ನು ಹೊತ್ತುಕೊಂಡು ಹೋಗುತ್ತೇನೆ ಎಂದು ನನ್ನ ಅಣ್ಣನನ್ನೂ ಹೊತ್ತುಕೊಂಡು ಹೋದೆ. ನಿನ್ನನ್ನು ಕೇಳಿದವರು ಯಾರು?

ಆಮೇಲಿನ ಮೂರು ದಿನದಲ್ಲಿ ಮೂರು ಮಷೀನು ರಿಪೇರಿ ಮಾಡಿದೆ, ಮೂರಕ್ಕೂ ಸೂಜಿ ಮುರಿಯಿತು. ನಿನ್ನೆ ಸಂಜೆ ಇವರು ಕೆಲಸದಿಂದ ಬಂದು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಗೇ ಕರೆದು, ಗೇರು ತೋರಿಸಿ, ಎಲ್ಲ ಹೇಳಿದೆ. ಓಡಿಸುವವಳು ನಾನೇ ಎಂಬುದನ್ನೂ ಹೇಳಿದೆ. ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದರು. "ಒಂದ್ ಹಲ್ಲಾ?" ಎಂದರು. ಹೂಂ ಎಂದೆ. ಮೇಲೆ ಹೋದರು. ರೇಡಿಯೋ ಹಾಕಲಿಲ್ಲ.

ಇವತ್ತು ಬೆಳಿಗ್ಗೆ ನಾನು ಬರೆಯುತ್ತಿರುವುದನ್ನು ಕಂಡು "ಸ್ವಲ್ಪ ಜಾಗ ಬಿಡು" ಎಂದರು. ಬಿಟ್ಟಿದ್ದೇನೆ. ಏನು ಬರೆಯುತ್ತಾರೋ, ನನಗೆ ತೋರಿಸುವುದಿಲ್ಲವಂತೆ. ಲಕೋಟೆಯನ್ನೂ ಅವರೇ ಅಂಟಿಸುತ್ತಾರಂತೆ.

ತಂಗಿ

ಭಾವ, ನಮಸ್ಕಾರ. ಮೂರು ವರ್ಷ ನಿಮ್ಮ ಮೇಲೆ ಖರ್ಚು ಮಾಡಿದ ಬೈಗುಳವೆಲ್ಲ ವಿಳಾಸ ತಪ್ಪಿ ಬಂದಿದೆಯಂತೆ. ಸರಿಯಾದ ವಿಳಾಸಕ್ಕೆ ತಲುಪಿಸೋಣವೆಂದರೆ ಆಕೆ ಸ್ಪ್ಯಾನರ್ ಹಿಡಿದು ಕೂತಿದ್ದಾಳೆ.

ತಮಾಷೆ ಅಲ್ಲ, ಇನ್ನೊಂದು ವಿಷಯ ಹೇಳಬೇಕು. ಆಕೆಗೆ ಹೇಳಲು ಧೈರ್ಯ ಬರಲಿಲ್ಲ, ನಿಮಗೆ ಬರೆಯುತ್ತಿದ್ದೇನೆ. ಆ ದಿನ ಓಟ ಶುರುವಾಗುವ ಗೆರೆಯ ಮೇಲೆ ನಿಂತಾಗ ಎಂಜಿನ್ನಿನಲ್ಲಿ ಟಿಕ್ ಟಿಕ್ ಎಂದು ಸಣ್ಣ ಶಬ್ದ ಬರುತ್ತಿತ್ತು. ನಿಮಗೆ ಜ್ವರ, ಕಿವಿ ಕಟ್ಟಿತ್ತು. ನನಗೆ ಚೆನ್ನಾಗಿ ಕೇಳಿಸಿತು. ಹೇಳಿದ್ದರೆ ನೀವು ಓಡಿಸಲು ಬಿಡುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಆಮೇಲೆ ಎಲ್ಲರೂ ನಿಮ್ಮನ್ನು ಅನ್ನುವಾಗ ನನಗೂ ಅದೇ ಸುಲಭವಾಯಿತು. ನಿಮ್ಮ ಮಾತು ಬಂದಾಗ ರೇಡಿಯೋ ಜೋರು ಮಾಡುತ್ತಿದ್ದುದು ಕೋಪಕ್ಕಲ್ಲ ಭಾವ. ನನಗೆ ನಾಚಿಕೆಯಾಗುತ್ತಿತ್ತು.

ಆಕೆ ಓಡಿಸಲಿ. ಹತ್ತೊಂಬತ್ತು ತಿರುವನ್ನೂ ಹಲಗೆಯ ಮೇಲೆ ಬರೆದು ನಾನೇ ಪಾಠ ಹೇಳುತ್ತೇನೆ. ಎಂಜಿನ್ನಿಗೆ ಮಾತ್ರ ನೀವು ಬೇಕು. ಬನ್ನಿ.


ಏಪ್ರಿಲ್ 20

ಗುಂಡುಸೂಜಿ,

ಇಬ್ಬರ ಕಾಗದವನ್ನೂ ಓದಿದೆ. ಅಳು ಬಂತು. ಪಂಪಿನ ಮನೆಯಲ್ಲಿ ಎಷ್ಟು ಅತ್ತರೂ ಯಾರಿಗೂ ಕೇಳಿಸುವುದಿಲ್ಲ, ಈ ಕೆಲಸದಲ್ಲಿ ಅದೊಂದು ಅನುಕೂಲ.

ನೀನು ಬೈದದ್ದು ಸರಿ. ಆಗ ನಿನಗೆ ಮದುವೆಯಾಗಿ ಎಂಟು ತಿಂಗಳು. ಯಾರ ಕೈಯಿಂದ ಮಂಡಿ ಹೋಯಿತು ಎಂದು ಅವರಿಗೆ ಗೊತ್ತಾದರೆ ಮನೆ ಉಳಿಯುತ್ತದೋ ಇಲ್ಲವೋ ಎಂದು ಹೆದರಿದೆ. ಆ ಮನೆಯಲ್ಲಿ ನಾನೂ ಒಬ್ಬ ಎಂಬುದನ್ನು ಮರೆತೆ. ಇಲ್ಲಿ ಬಂದ ಮೊದಲ ವರ್ಷ ಬಸ್ಸು ಬರುವ ಹೊತ್ತಿಗೆ ದಿನಾ ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ. ಹತ್ತುವುದಕ್ಕೂ ಅಲ್ಲ, ಇಳಿಯುವವರು ಯಾರೂ ಇರಲೂ ಇಲ್ಲ.

ಅವರ ಟಿಕ್ ಟಿಕ್ ವಿಷಯ ಅವರೇ ನಿನಗೆ ಹೇಳಲಿ. ಇವತ್ತೇ ಕೇಳು, ಜಗಳವಾಡಬೇಡ. ಅವರ ಪಾಠದಲ್ಲಿ ಏಳನೇ ತಿರುವು ಬಂದಾಗ ಮಾತ್ರ ಎರಡು ಸಲ ಹೇಳಿಸಿಕೋ.

ರಜೆಗೆ ಕಾಯುವುದಿಲ್ಲ. ಪಂಪು ನೋಡಿಕೊಳ್ಳಲು ಉಪ್ಪು ಕೆರೆಯುವವರಲ್ಲಿ ಒಬ್ಬಾಕೆಗೆ ಕಲಿಸಿದ್ದೇನೆ, ನನಗಿಂತ ಚುರುಕಾಗಿದ್ದಾಳೆ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುತ್ತೇನೆ. ನಾಲ್ಕು ದಿನ ಸಿಗುತ್ತದೆ, ಸಾಲದು, ಆದರೂ ಸಾಕು. ಗೇರನ್ನು ನೀನೇ ಕೂರಿಸು, ಚುಕ್ಕಿಗೆ ಚುಕ್ಕಿ. ನಾನು ಅಡುಗೆಮನೆಯ ಆ ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತೇನೆ, ಒಂದು ಬೋಲ್ಟನ್ನೂ ಮುಟ್ಟುವುದಿಲ್ಲ.

ನಾನು ಬರುವ ತನಕ ಸೈಡ್ ಕವರ್ ಮುಚ್ಚಬೇಡ.

ಅಣ್ಣ